ಕಾಲು ತೆಗೆದರೂ ನಿಲ್ಲದ ಕಾರು

ಎತ್ತಿನ ಗಾಡಿಯಲ್ಲಿ ಕುಳಿತು ಸಂತೆಯಿಂದ ಊರಿಗೆ ಮರಳಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಗಾಡಿ ಹೊಡೆಯುವವನು ತೂಕಡಿಸಿದರೂ ಎತ್ತುಗಳು ತೂಕಡಿಸುವುದಿಲ್ಲ. ಹಳ್ಳ ಬಂದರೆ ತಾವಾಗಿಯೇ ನಿಲ್ಲುತ್ತವೆ. ಎದುರಿಗೆ ಮತ್ತೊಂದು ಗಾಡಿ ಬಂದರೆ ಬದಿಗೆ ಸರಿಯುತ್ತವೆ. ಮೋಟಾರು ಕಾರಿಗೆ ಈ ಬುದ್ಧಿ ಹುಟ್ಟಿನಿಂದ ಬಂದದ್ದಲ್ಲ. ಅಡ್ಡ ಬಂದದ್ದನ್ನು ಕಂಡು ತಾನಾಗಿ ಬ್ರೇಕು ಹಾಕಿಕೊಳ್ಳುವ ಉಪಕರಣಗಳು ಈಚೆಗೆ ಕೆಲವು ಕಾರುಗಳಿಗೆ ಬಂದಿವೆ, ನಿಜ. ಆದರೂ ನಿಲ್ಲುವ ವಿವೇಕವನ್ನು ಇಂದಿಗೂ ಬಹುಮಟ್ಟಿಗೆ ಚಾಲಕನ ಬಲಗಾಲಿಗೇ ಒಪ್ಪಿಸಲಾಗಿದೆ.

ನೀವು ಕಾರು ನಡೆಸುವವರಾದರೆ ಒಂದು ನಂಬಿಕೆಯ ಮೇಲೆ ನಡೆಸುತ್ತೀರಿ. ಎಕ್ಸಿಲರೇಟರಿನ ಮೇಲಿಂದ ಕಾಲು ತೆಗೆದರೆ ಗಾಡಿಯ ವೇಗ ತಗ್ಗುತ್ತದೆ ಎಂಬುದೇ ಆ ನಂಬಿಕೆ. ಅದನ್ನು ನಾವು ಯೋಚಿಸಿ ಇಟ್ಟುಕೊಂಡದ್ದಲ್ಲ. ಅಭ್ಯಾಸದಿಂದ ಅದು ಮೈಗೇ ಹತ್ತಿಬಿಟ್ಟಿದೆ. ಆದರೆ ಒಮ್ಮೊಮ್ಮೆ ಅದು ಸುಳ್ಳಾದದ್ದುಂಟು. ಕಾಲು ತೆಗೆದರೂ ಕಾರು ಮುನ್ನುಗ್ಗಿದೆ. ಬ್ರೇಕನ್ನೇ ಒತ್ತಿದೆನೆಂದು ಚಾಲಕ ಆಣೆಯಿಟ್ಟು ಹೇಳಿದರೂ ಕಾರು ಗೋಡೆಗೆ ಹೋಗಿ ಬಡಿದಿದೆ. ಹೀಗಾದಾಗಲೆಲ್ಲ ಜನ ಕೇಳಿದ ಪ್ರಶ್ನೆ ಒಂದೇ: ತಪ್ಪು ಯಂತ್ರದ್ದೋ, ಮನುಷ್ಯನದೋ? ಈ ಪ್ರಶ್ನೆಯ ಸುತ್ತ ಐವತ್ತು ವರ್ಷಗಳಿಗೂ ಮೀರಿದ ಒಂದು ಚರಿತ್ರೆ ಬೆಳೆದಿದೆ. ಅದರ ಹೆಚ್ಚಿನ ಭಾಗ ನಡೆದದ್ದು ಅಮೆರಿಕದಲ್ಲಿ. ಆ ಚರಿತ್ರೆಯನ್ನು ನಿಮ್ಮ ಮುಂದಿಟ್ಟು, ಅಂಥ ಗಳಿಗೆ ನಮಗೇ ಬಂದರೆ ಮಾಡಬೇಕಾದ್ದೇನು ಎಂಬುದನ್ನೂ ಹೇಳುವುದು ಈ ಲೇಖನದ ಉದ್ದೇಶ.

ಮೊದಲ ಮೋಟಾರುಗಳ ಕಾಲದಿಂದ ಆರಂಭಿಸೋಣ. ಹೆನ್ರಿ ಫೋರ್ಡನ ಮಾಡೆಲ್ ಟಿ ಕಾರು ೧೯೦೮ರಿಂದ ೧೯೨೭ರವರೆಗೆ ತಯಾರಾಯಿತು. ಸುಮಾರು ಒಂದೂವರೆ ಕೋಟಿ ಗಾಡಿಗಳು ಕಾರ್ಖಾನೆಯಿಂದ ಹೊರಬಂದವು. ಆ ಕಾರಿನಲ್ಲಿಯೂ ಕಾಲ ಬಳಿ ಮೂರು ಪೆಡಲುಗಳಿದ್ದವು. ಆದರೆ ಅವುಗಳಲ್ಲಿ ಒಂದೂ ಎಕ್ಸಿಲರೇಟರಲ್ಲ. ಎಡಗಡೆಯದು ಗೇರಿಗೆ, ನಡುವಿನದು ಗಾಡಿಯನ್ನು ಹಿಂದಕ್ಕೆ ನಡೆಸುವುದಕ್ಕೆ, ಬಲಗಡೆಯದು ಬ್ರೇಕಿಗೆ. ಇಂಜಿನ್ನಿನ ವೇಗವನ್ನು ಏರಿಸಿ ಇಳಿಸುತ್ತಿದ್ದದ್ದು ಸ್ಟಿಯರಿಂಗಿನ ಕೆಳಗಿದ್ದ ಒಂದು ಪುಟ್ಟ ಹಿಡಿಕೆ. ಅದನ್ನು ಎಲ್ಲಿಗೆ ಸರಿಸಿದರೆ ಅಲ್ಲಿಯೇ ನಿಲ್ಲುತ್ತಿತ್ತು. ಚಾಲಕ ಕೈ ತೆಗೆದ ಮಾತ್ರಕ್ಕೆ ಇಂಜಿನ್ನಿನ ವೇಗ ತಗ್ಗುತ್ತಿರಲಿಲ್ಲ. ಎಂದರೆ, ನಮ್ಮ ಈಗಿನ ನಂಬಿಕೆಗೆ ಆ ಕಾರಿನಲ್ಲಿ ಆಧಾರವೇ ಇರಲಿಲ್ಲ.

ಎಡಕ್ಕೆ ಕ್ಲಚ್ಚು, ನಡುವೆ ಬ್ರೇಕು, ಬಲಕ್ಕೆ ಎಕ್ಸಿಲರೇಟರು ಎಂಬ ಇಂದಿನ ಕ್ರಮವನ್ನು ೧೯೧೬ರ ಒಂದು ಕ್ಯಾಡಿಲಾಕ್ ಕಾರಿನಲ್ಲಿ ಕಾಣುತ್ತೇವೆ. ಅದನ್ನು ಸಾಮಾನ್ಯರವರೆಗೆ ತಂದ ಗಾಡಿಗಳಲ್ಲಿ ಮುಖ್ಯವಾದುದು ೧೯೨೨ರಲ್ಲಿ ಇಂಗ್ಲೆಂಡಿನಲ್ಲಿ ಹೊರಟ ಆಸ್ಟಿನ್ ಸೆವೆನ್ ಎಂಬ ಪುಟ್ಟ ಕಾರು. ಕ್ರಮೇಣ ಲೋಕವೆಲ್ಲ ಇದೇ ಕ್ರಮಕ್ಕೆ ಒಗ್ಗಿಕೊಂಡಿತು. ಇದರಿಂದ ಎರಡು ಪರಿಣಾಮಗಳಾದವು. ಮೊದಲನೆಯದು ಒಳ್ಳೆಯದು. ಎಕ್ಸಿಲರೇಟರು ಕಾಲಿಗೆ ಬಂದುದರಿಂದ ಅದರ ಹಿಂದೆ ಒಂದು ಸ್ಪ್ರಿಂಗು ಬಂತು. ಕಾಲು ಒತ್ತಿದರೆ ಒಂದು ಕೇಬಲ್ಲೋ ಸರಳೋ ಎಳೆದು, ಇಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿರುವ ಬಿಲ್ಲೆಯನ್ನು ತೆರೆಯುತ್ತದೆ; ಕಾಲು ತೆಗೆದರೆ ಸ್ಪ್ರಿಂಗು ಆ ಬಿಲ್ಲೆಯನ್ನು ಮುಚ್ಚುತ್ತದೆ. ಆ ಬಿಲ್ಲೆಗೇ ಥ್ರಾಟಲ್ ಎಂದು ಹೆಸರು. ನಮ್ಮ ನಂಬಿಕೆಯೆಲ್ಲ ನಿಂತಿರುವುದು ಈ ಸ್ಪ್ರಿಂಗಿನ ಮೇಲೆ.

ಎರಡನೆಯ ಪರಿಣಾಮವನ್ನು ಆಗ ಯಾರೂ ಅಷ್ಟಾಗಿ ಗಮನಿಸಲಿಲ್ಲ. ಓಡಿಸುವ ಕೆಲಸ, ನಿಲ್ಲಿಸುವ ಕೆಲಸ ಎರಡೂ ಒಂದೇ ಕಾಲಿಗೆ ಬಿದ್ದವು. ಒಂದಕ್ಕೊಂದು ತೀರ ವಿರುದ್ಧವಾದ ಈ ಎರಡು ಕೆಲಸಗಳ ಪೆಡಲುಗಳು ಕೆಲವೇ ಅಂಗುಲಗಳ ಅಂತರದಲ್ಲಿ, ಕಣ್ಣಿಗೆ ಕಾಣದ ಜಾಗದಲ್ಲಿ, ಅಕ್ಕಪಕ್ಕ ಕುಳಿತವು.

ಹಳೆಯ ಕಾರುಗಳಲ್ಲಿ ಎಕ್ಸಿಲರೇಟರು ಸಿಕ್ಕಿಕೊಳ್ಳುವುದು ಅಪರೂಪವೇನಾಗಿರಲಿಲ್ಲ. ಕೇಬಲ್ಲಿಗೆ ತುಕ್ಕು ಹಿಡಿಯುವುದು, ಸ್ಪ್ರಿಂಗು ಕಳಚುವುದು, ಕಾಲಡಿಯ ಮ್ಯಾಟು ಪೆಡಲಿನ ಮೇಲೆ ಮಡಚಿಕೊಳ್ಳುವುದು ಇವೆಲ್ಲ ಆಗುತ್ತಿದ್ದವು. ಆದರೆ ಚಾಲಕನ ಎಡಗಾಲಿನ ಕೆಳಗೆ ಒಂದು ಅಭಯವಿತ್ತು, ಅದು ಕ್ಲಚ್ಚು. ಎಲ್ಲೋ ಏನೋ ತಪ್ಪಿತು ಎನಿಸಿದೊಡನೆ ಎರಡು ಕಾಲುಗಳೂ ತಾವಾಗಿಯೇ ಕೆಳಕ್ಕೆ ಹೋಗುತ್ತವೆ. ಕ್ಲಚ್ಚು ಒತ್ತಿದರೆ ಇಂಜಿನ್ನು ಎಷ್ಟೇ ಅಬ್ಬರಿಸಲಿ, ಅದರ ಬಲ ಚಕ್ರಗಳಿಗೆ ಮುಟ್ಟುವುದಿಲ್ಲ. ಆ ಮೇಲೆ ಓಲ್ಡ್ಸ್‌ಮೊಬೀಲ್ ಕಾರಿನ ೧೯೪೦ರ ಮಾದರಿಯಲ್ಲಿ ಹೈಡ್ರಾಮ್ಯಾಟಿಕ್ ಎಂಬ, ತಾನಾಗಿ ಗೇರು ಬದಲಿಸುವ ಯಂತ್ರ ಬಂತು. ಯುದ್ಧ ಮುಗಿದ ಬಳಿಕ ಅಮೆರಿಕದ ಜನ ಇಂಥ ಗಾಡಿಗಳನ್ನೇ ಮೆಚ್ಚಿಕೊಂಡರು. ಎಡಗಾಲಿಗೆ ಬಿಡುವು ದೊರೆಯಿತು. ಅದರ ಜತೆಯಲ್ಲಿಯೇ, ಇಂಜಿನ್ನನ್ನೂ ಚಕ್ರವನ್ನೂ ಕ್ಷಣದಲ್ಲಿ ಬೇರ್ಪಡಿಸುವ ಆ ಅಭ್ಯಾಸವೂ ಮರೆತುಹೋಯಿತು. ಮುಂದಿನ ಕಥೆಯಲ್ಲಿ ಬರುವ ಕಾರುಗಳು ಬಹುತೇಕ ಕ್ಲಚ್ಚಿಲ್ಲದವು ಎಂಬುದನ್ನು ನೀವು ನೆನಪಿನಲ್ಲಿಡಬೇಕು.

೧೯೭೧ರ ಡಿಸೆಂಬರಿನಲ್ಲಿ ಜನರಲ್ ಮೋಟಾರ್ಸ್ ಕಂಪೆನಿ ಸುಮಾರು ೬೭ ಲಕ್ಷ ಷೆವರ್ಲೆ ಗಾಡಿಗಳನ್ನು ರಿಪೇರಿಗಾಗಿ ಹಿಂದಕ್ಕೆ ಕರೆಸಬೇಕಾಯಿತು. ಅಷ್ಟು ದೊಡ್ಡ ಸಂಖ್ಯೆಯಲ್ಲಿ ಗಾಡಿಗಳನ್ನು ಹಿಂದಕ್ಕೆ ಕರೆಸಿದ್ದು ಅಲ್ಲಿಯವರೆಗೆ ಇರಲಿಲ್ಲ. ಕಾರಣ ಕೇಳಿದರೆ ಸಣ್ಣದೆನಿಸುತ್ತದೆ. ಇಂಜಿನ್ನನ್ನು ಗಾಡಿಯ ಚೌಕಟ್ಟಿನ ಮೇಲೆ ಕೂರಿಸುವ ರಬ್ಬರಿನ ಆಧಾರಗಳು ಹಳತಾಗಿ ಬಿಟ್ಟುಕೊಳ್ಳುತ್ತಿದ್ದವು. ಆಗ ಇಂಜಿನ್ನು ತನ್ನ ಬಲಕ್ಕೆ ತಾನೇ ಮೇಲಕ್ಕೆದ್ದು, ಎಕ್ಸಿಲರೇಟರಿನ ಸರಳನ್ನು ಎಳೆಯುತ್ತಿತ್ತು. ಬಲ ಹೆಚ್ಚಿದಷ್ಟೂ ಇಂಜಿನ್ನು ಮೇಲೇಳುವುದು, ಮೇಲೆದ್ದಷ್ಟೂ ಬಲ ಹೆಚ್ಚುವುದು! ಕಂಪೆನಿ ಇಂಜಿನ್ನನ್ನು ಒಂದು ಉಕ್ಕಿನ ಹುರಿಯಿಂದ ಕೆಳಕ್ಕೆ ಬಿಗಿದು ಕಟ್ಟಿ ಕೊಟ್ಟಿತು. ಇಲ್ಲಿ ಚಾಲಕನ ತಪ್ಪು ಏನೂ ಇರಲಿಲ್ಲ, ಎಲ್ಲವೂ ಯಂತ್ರದ್ದೇ.

ಹೊತ್ತಿಗೆ ಸರಿಯಾಗಿ ಸರಕಾರವೂ ಎಚ್ಚೆತ್ತಿತು. ೧೯೭೩ರ ಸೆಪ್ಟೆಂಬರಿನಿಂದ ಅಮೆರಿಕದಲ್ಲಿ ಜಾರಿಗೆ ಬಂದ ಒಂದು ನಿಯಮ, ಥ್ರಾಟಲನ್ನು ಮುಚ್ಚುವುದಕ್ಕೆ ಕನಿಷ್ಠ ಎರಡು ಬೇರೆ ಬೇರೆ ಸಾಧನಗಳಿರಬೇಕೆಂದು ವಿಧಿಸಿತು. ಒಂದು ಸ್ಪ್ರಿಂಗು ಮುರಿದರೆ ಇನ್ನೊಂದು ಆ ಕೆಲಸವನ್ನು ಮಾಡಬೇಕು. ಸಾಧಾರಣ ಕಾರಿನಲ್ಲಿ ಕಾಲು ತೆಗೆದ ಒಂದು ಸೆಕೆಂಡಿನೊಳಗೆ ಥ್ರಾಟಲು ಮುಚ್ಚಿಕೊಳ್ಳಬೇಕು. ನಮ್ಮ ಆ ಹಳೆಯ ನಂಬಿಕೆಗೆ ಕಾನೂನಿನ ಬೆಂಬಲ ಸಿಕ್ಕಿತು. ಇನ್ನು ಈ ಪೀಡೆ ತೊಲಗಿತು ಎಂದೇ ಹಲವರು ಭಾವಿಸಿರಬೇಕು.

ಹಾಗಾಗಲಿಲ್ಲ. ಹತ್ತು ಹನ್ನೆರಡು ವರ್ಷಗಳಲ್ಲಿ ಬೇರೊಂದು ಬಗೆಯ ದೂರು ಎದ್ದಿತು. ಜರ್ಮನಿಯ ಔಡಿ ಕಂಪೆನಿ ಅಮೆರಿಕದಲ್ಲಿ ಔಡಿ ೫೦೦೦ ಎಂಬ ಕಾರನ್ನು ಮಾರುತ್ತಿತ್ತು. ನಿಂತಿದ್ದ ಕಾರನ್ನು ಗೇರಿಗೆ ಹಾಕಿದೊಡನೆ ಅದು ಬಾಣದಂತೆ ಚಿಮ್ಮುತ್ತದೆ, ಬ್ರೇಕು ಒತ್ತಿದರೂ ನಿಲ್ಲುವುದಿಲ್ಲ ಎಂದು ಅದರ ಒಡೆಯರು ಹೇಳತೊಡಗಿದರು. ೧೯೮೬ರ ನವೆಂಬರ್ ೨೩ರಂದು ಸಿ.ಬಿ.ಎಸ್. ಟೆಲಿವಿಷನ್ ಸಂಸ್ಥೆ ತನ್ನ ‘ಸಿಕ್ಸ್ಟಿ ಮಿನಿಟ್ಸ್’ ಕಾರ್ಯಕ್ರಮದಲ್ಲಿ ಈ ವಿಷಯವನ್ನು ಎತ್ತಿಕೊಂಡಿತು. ಹೀಗೆ ಚಿಮ್ಮಿದ ಕಾರಿಗೆ ತನ್ನ ಮಗನನ್ನೇ ಬಲಿಗೊಟ್ಟ ತಾಯಿಯೊಬ್ಬಳು ಅದರಲ್ಲಿ ಮಾತನಾಡಿದಳು. ತನ್ನ ಕಾಲು ಬ್ರೇಕಿನ ಮೇಲೆಯೇ ಇತ್ತೆಂದು ಆಕೆ ಹೇಳಿದಾಗ ಸುಳ್ಳೆನ್ನುವ ಮನಸ್ಸು ಯಾರಿಗೆ ತಾನೇ ಬಂದೀತು? ಯಾರೂ ಒತ್ತದೆ ಪೆಡಲು ತಾನಾಗಿ ಕೆಳಗಿಳಿಯುವುದನ್ನೂ ಆ ಕಾರ್ಯಕ್ರಮದಲ್ಲಿ ತೋರಿಸಿದರು. ಆ ಗಾಡಿಯ ಗೇರುಪೆಟ್ಟಿಗೆಗೆ ತೂತು ಕೊರೆದು, ಹೊರಗಿನಿಂದ ಒತ್ತಡದ ಗಾಳಿಯನ್ನು ಕೊಟ್ಟು ಹಾಗೆ ಮಾಡಲಾಗಿತ್ತು ಎಂಬುದು ಅನಂತರ ಬಯಲಾಯಿತು. ಆದರೆ ಆ ವೇಳೆಗೆ ಔಡಿಯ ಹೆಸರು ಕೆಟ್ಟಿತ್ತು. ೧೯೮೫ರಲ್ಲಿ ಅಮೆರಿಕದಲ್ಲಿ ಸುಮಾರು ೭೪,೦೦೦ ಕಾರುಗಳನ್ನು ಮಾರಿದ್ದ ಕಂಪೆನಿ ೧೯೯೧ರಲ್ಲಿ ಮಾರಿದ್ದು ಸುಮಾರು ೧೨,೦೦೦ ಮಾತ್ರ.

ಸರಕಾರದ ಹೆದ್ದಾರಿ ಸುರಕ್ಷಾ ಇಲಾಖೆ ಪರೀಕ್ಷೆಗೆ ತೊಡಗಿತು. ಅದರ ಪರವಾಗಿ ಕೇಂಬ್ರಿಜ್ ನಗರದ ಸಾರಿಗೆ ಸಂಶೋಧನ ಕೇಂದ್ರ ೧೯೮೯ರ ಜನವರಿಯಲ್ಲಿ ವರದಿ ಕೊಟ್ಟಿತು. ಇಂಜಿನ್ನು ಪೂರ್ತಿ ಬಲದಿಂದ ಎಳೆಯುತ್ತಿದ್ದರೂ ನಿಂತ ಗಾಡಿಯನ್ನು ಹಿಡಿದಿಡುವ ಶಕ್ತಿ ಬ್ರೇಕಿಗಿದೆ. ಗಾಡಿಯಲ್ಲಿ ದೋಷವೇನೂ ಸಿಕ್ಕದೆ ಇದ್ದ ಪ್ರಕರಣಗಳಲ್ಲಿ, ಬ್ರೇಕೆಂದು ಭಾವಿಸಿ ಎಕ್ಸಿಲರೇಟರನ್ನೇ ಒತ್ತಿರುವ ಸಂಭವ ಹೆಚ್ಚು ಎಂಬುದು ಅದರ ತೀರ್ಮಾನ. ಇಷ್ಟನ್ನೇ ಓದಿದವರು ‘ನೋಡಿದಿರಾ, ತಪ್ಪೆಲ್ಲ ಮನುಷ್ಯನದೇ’ ಎಂದು ಕೈ ತೊಳೆದುಕೊಂಡರು. ಆದರೆ ಆ ಅಧ್ಯಯನ ಅಷ್ಟಕ್ಕೆ ನಿಂತಿರಲಿಲ್ಲ. ಔಡಿಯಲ್ಲಿ ಇಂಜಿನ್ನಿನ ನಿಂತಲ್ಲಿಯ ವೇಗವನ್ನು ಹದವಾಗಿಡುವ ಒಂದು ಭಾಗ ಆಗಾಗ ಕೆಟ್ಟು, ಗಾಡಿಗೆ ಸಣ್ಣದೊಂದು ನೂಕು ಕೊಡುತ್ತಿತ್ತು. ಅದರ ಪೆಡಲುಗಳ ಜೋಡಣೆ ಅಮೆರಿಕದ ಚಾಲಕರಿಗೆ ಅಭ್ಯಾಸವಾಗಿದ್ದಂತೆ ಇರಲಿಲ್ಲ. ಆ ಸಣ್ಣ ನೂಕಿಗೆ ಬೆಚ್ಚಿದ ಚಾಲಕ ಬ್ರೇಕಿಗೆಂದು ಕಾಲು ಹಾಕಿದಾಗ, ಅದು ಬೇರೆ ಪೆಡಲಿನ ಮೇಲೆ ಬೀಳುವುದಕ್ಕೆ ಇವೆರಡೂ ದಾರಿ ಮಾಡಿಕೊಡಬಹುದಾಗಿತ್ತು.

ಕಾಲು ಹೀಗೆ ಮೋಸ ಹೋಗುವುದು ಹೇಗೆ? ಅದೇ ವರ್ಷ ರಿಚರ್ಡ್ ಷ್ಮಿಟ್ ಎಂಬ ಮನಶ್ಶಾಸ್ತ್ರಜ್ಞ ಇದನ್ನು ವಿವರಿಸಿದ. ನಾವು ಪೆಡಲನ್ನು ನೋಡಿ ಒತ್ತುವುದಿಲ್ಲ. ಮನಸ್ಸು ಅಪ್ಪಣೆ ಕೊಡುತ್ತದೆ, ಕಾಲು ನಡೆಸುತ್ತದೆ. ಸಾವಿರಾರು ಸಲ ಸರಿಯಾಗಿ ಹೋದ ಕಾಲು ಯಾವಾಗಲೋ ಒಮ್ಮೆ ಒಂದೆರಡು ಅಂಗುಲ ತಪ್ಪುತ್ತದೆ. ಅಪ್ಪಣೆ ಬ್ರೇಕಿನದೇ ಆದ್ದರಿಂದ, ಒತ್ತಿರುವುದೂ ಬ್ರೇಕನ್ನೇ ಎಂದು ಮನಸ್ಸು ನಂಬುತ್ತದೆ. ಗಾಡಿ ಚಿಮ್ಮುತ್ತದೆ. ಗಾಬರಿಯಿಂದ ಚಾಲಕ ಮತ್ತೂ ಬಲವಾಗಿ ಒತ್ತುತ್ತಾನೆ. ಗಾಡಿ ಮತ್ತೂ ಚಿಮ್ಮುತ್ತದೆ. ಆ ಕೆಲವು ಕ್ಷಣಗಳಲ್ಲಿ ‘ಕಾಲು ಎಲ್ಲಿದೆ?’ ಎಂಬ ಪ್ರಶ್ನೆ ಆತನಿಗೆ ಹೊಳೆಯುವುದೇ ಇಲ್ಲ. ಆದುದರಿಂದ ಬ್ರೇಕು ಒತ್ತಿದೆನೆಂದು ಆಮೇಲೆ ಹೇಳುವವನು ಸುಳ್ಳು ಹೇಳುತ್ತಿರುವುದಿಲ್ಲ. ಸತ್ಯವೆಂದು ತಾನು ತಿಳಿದದ್ದನ್ನೇ ಹೇಳುತ್ತಾನೆ. ಇದು ಬಹಳ ಮುಖ್ಯವಾದ ಮಾತು.

ಈ ತೊಂದರೆಗೆ ಔಡಿ ಕಂಡುಕೊಂಡ ಪರಿಹಾರ ಬಲು ಸರಳ. ಬ್ರೇಕಿನ ಮೇಲೆ ಕಾಲಿಡದೆ ಗೇರಿನ ಹಿಡಿಯನ್ನು ನಿಂತ ಸ್ಥಾನದಿಂದ ಕದಲಿಸಲಾಗದಂತೆ ಅದಕ್ಕೊಂದು ಕೊಂಡಿ ಹಾಕಿದರು. ಕಾಲು ಬ್ರೇಕಿನ ಮೇಲಿದ್ದರೆ ಅದೇ ಹೊತ್ತಿನಲ್ಲಿ ಎಕ್ಸಿಲರೇಟರಿನ ಮೇಲಿರಲಾರದಷ್ಟೆ. ಈ ಕೊಂಡಿ ಬಂದ ಮೇಲೆ ದೂರುಗಳು ಇಳಿದವು. ೨೦೧೦ರ ಸೆಪ್ಟೆಂಬರಿನಿಂದ ಅಮೆರಿಕದಲ್ಲಿ ಕಾನೂನೇ ಇದನ್ನು ಕಡ್ಡಾಯ ಮಾಡಿತು. ತಪ್ಪು ಮನುಷ್ಯನದಾದರೂ ಅದನ್ನು ತಡೆದದ್ದು ಯಂತ್ರದ ತಿದ್ದುಪಡಿ ಎಂಬುದನ್ನು ಇಲ್ಲಿ ಗಮನಿಸಬೇಕು.

ಇಷ್ಟರಲ್ಲಿ ಪೆಡಲಿನ ಸ್ವಭಾವವೇ ಬದಲಾಗುತ್ತಿತ್ತು. ೧೯೮೭ರಲ್ಲಿ ಹೊರಟ ಬಿ.ಎಂ.ಡಬ್ಲ್ಯು. ಕಂಪೆನಿಯ ದೊಡ್ಡ ಕಾರೊಂದರಲ್ಲಿ ಪೆಡಲಿಗೂ ಥ್ರಾಟಲಿಗೂ ನಡುವೆ ಕೇಬಲ್ಲು ಇರಲಿಲ್ಲ. ಪೆಡಲು ಎಷ್ಟು ಕೆಳಗಿಳಿಯಿತೆಂಬುದನ್ನು ವಿದ್ಯುತ್ ಸಂಕೇತವೊಂದು ಹೇಳುತ್ತದೆ. ಅದನ್ನು ಲೆಕ್ಕ ಹಾಕಿ ಸಣ್ಣ ಕಂಪ್ಯೂಟರು ಥ್ರಾಟಲನ್ನು ತೆರೆಸುತ್ತದೆ. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಇದು ಸಾಮಾನ್ಯ ಕಾರುಗಳಿಗೂ ಬಂತು. ಕೇಬಲ್ಲಿನ ತುಕ್ಕು ಹೋಯಿತು. ಅದರ ಜಾಗದಲ್ಲಿ, ಬಿಚ್ಚಿ ನೋಡಿದರೂ ಕಣ್ಣಿಗೆ ಕಾಣದ ಲೆಕ್ಕಾಚಾರ ಬಂದು ಕುಳಿತಿತು.

೨೦೦೯ರ ಆಗಸ್ಟ್ ೨೮ರ ಸಂಜೆ ಕ್ಯಾಲಿಫೋರ್ನಿಯದ ಸ್ಯಾನ್ ಡಿಯೇಗೋ ನಗರದ ಹತ್ತಿರ ನಡೆದ ಅಪಘಾತವನ್ನು ಆ ದೇಶ ಇಂದಿಗೂ ಮರೆತಿಲ್ಲ. ಹೆದ್ದಾರಿ ಪೋಲೀಸಿನ ಅಧಿಕಾರಿಯೊಬ್ಬರು ತಮ್ಮ ಕಾರನ್ನು ರಿಪೇರಿಗೆ ಬಿಟ್ಟು, ಮಾರಾಟಗಾರರು ಆ ಹೊತ್ತಿಗೆಂದು ಕೊಟ್ಟ ಲೆಕ್ಸಸ್ ಕಾರಿನಲ್ಲಿ ಮನೆಯವರೊಂದಿಗೆ ಹೊರಟಿದ್ದರು. ಲೆಕ್ಸಸ್ ಎಂಬುದು ಜಪಾನಿನ ಟೊಯೋಟ ಕಂಪೆನಿಯ ಕಾರು. ದಾರಿಯಲ್ಲಿ ಎಕ್ಸಿಲರೇಟರು ಸಿಕ್ಕಿಕೊಂಡಿತು. ಗಂಟೆಗೆ ನೂರು ಮೈಲಿಗೂ ಮಿಕ್ಕ ವೇಗದಲ್ಲಿ ಗಾಡಿ ಓಡುತ್ತಿರುವಾಗ ಒಳಗಿದ್ದವರು ಪೋಲೀಸರಿಗೆ ಟೆಲಿಫೋನ್ ಮಾಡಿ ಬ್ರೇಕು ಹಿಡಿಯುತ್ತಿಲ್ಲವೆಂದು ಕೂಗಿದರು. ನಾಲ್ವರೂ ತೀರಿಕೊಂಡರು. ತನಿಖೆಯಿಂದ ತಿಳಿದದ್ದಿಷ್ಟು: ಆ ಗಾಡಿಗೆ ಬೇರೊಂದು ಮಾದರಿಯ ಕಾರಿನ ದೊಡ್ಡ ರಬ್ಬರು ಮ್ಯಾಟನ್ನು ಹಾಸಿದ್ದರು, ಅದನ್ನು ಕೊಂಡಿಗೆ ಸಿಕ್ಕಿಸಿರಲಿಲ್ಲ, ಪೆಡಲು ಅದರ ಅಂಚಿನಲ್ಲಿ ಸಿಕ್ಕಿಕೊಂಡಿತ್ತು. ಇಂಜಿನ್ನನ್ನು ಆರಿಸುವ ಗುಂಡಿಯನ್ನು, ಗಾಡಿ ಓಡುತ್ತಿರುವಾಗ, ಮೂರು ಸೆಕೆಂಡು ಒತ್ತಿಹಿಡಿದರೆ ಮಾತ್ರ ಇಂಜಿನ್ನು ನಿಲ್ಲುವಂತೆ ಮಾಡಿದ್ದರು. ಎರವಲು ಗಾಡಿ ಹತ್ತಿದವರಿಗೆ ಇದು ತಿಳಿಯುವುದೆಂತು?

ಇದಕ್ಕಿಂತಲೂ ಮನಸ್ಸನ್ನು ಕಲಕುವ ಸಂಗತಿ ಇನ್ನೊಂದಿದೆ. ಅದೇ ಕಾರನ್ನು ಕೆಲವೇ ದಿನಗಳ ಹಿಂದೆ ಒಯ್ದಿದ್ದ ಮತ್ತೊಬ್ಬ ಗ್ರಾಹಕನಿಗೆ, ಅದೇ ಮ್ಯಾಟಿನಿಂದ, ಅದೇ ಕಷ್ಟ ಬಂದಿತ್ತು. ಆತ ಬ್ರೇಕನ್ನು ಬಲವಾಗಿ ಒತ್ತಿ ವೇಗ ತಗ್ಗಿಸಿ, ರಸ್ತೆಯ ಬದಿಗೆ ತಂದು, ಗೇರನ್ನು ನ್ಯೂಟ್ರಲಿಗೆ ತಳ್ಳಿ ಬದುಕಿಕೊಂಡ. ಗಾಡಿಯನ್ನು ಹಿಂದಕ್ಕೆ ಕೊಡುವಾಗ ಮ್ಯಾಟಿನ ವಿಷಯವನ್ನು ಹೇಳಿಯೂ ಹೇಳಿದ್ದ. ಆ ಮಾತು ತಲುಪಬೇಕಾದವರಿಗೆ ತಲುಪಲಿಲ್ಲ.

ಮುಂದೆ ನಡೆದುದೆಲ್ಲ ದೊಡ್ಡ ಗದ್ದಲ. ಟೊಯೋಟ ಮ್ಯಾಟಿನ ಕಾರಣಕ್ಕೆ ಮೊದಲು ೩೮ ಲಕ್ಷ ಗಾಡಿಗಳ ಒಡೆಯರಿಗೆ ಎಚ್ಚರಿಕೆ ಕೊಟ್ಟಿತು. ೨೦೧೦ರ ಜನವರಿಯಲ್ಲಿ, ಪೆಡಲೇ ಸವೆದು ಅಂಟಿಕೊಳ್ಳುತ್ತದೆಂಬ ಬೇರೊಂದು ಕಾರಣಕ್ಕೆ ೨೩ ಲಕ್ಷ ಗಾಡಿಗಳನ್ನು ಕರೆಸಿತು; ಪೆಡಲಿನೊಳಗೆ ಒಂದು ಚಿಕ್ಕ ಉಕ್ಕಿನ ತಗಡನ್ನಿಟ್ಟು ಸರಿಪಡಿಸಿತು. ಫೆಬ್ರವರಿ ೨೪ರಂದು ಕಂಪೆನಿಯ ಅಧ್ಯಕ್ಷ ಅಕಿಯೊ ಟೊಯೋಡ ಅಮೆರಿಕದ ಶಾಸನಸಭೆಯ ಸಮಿತಿಯ ಮುಂದೆ ಕುಳಿತು ಕ್ಷಮೆ ಕೇಳಬೇಕಾಯಿತು. ಆದರೂ ಜನರ ಸಂಶಯ ಬೇರೆ ಕಡೆಗಿತ್ತು. ಮ್ಯಾಟಲ್ಲ, ಪೆಡಲಲ್ಲ, ಕಣ್ಣಿಗೆ ಕಾಣದ ಆ ಕಂಪ್ಯೂಟರಿನದೇ ತಪ್ಪಿರಬಾರದೇಕೆ? ಇದನ್ನು ನೋಡಲು ಸರಕಾರ ಬಾಹ್ಯಾಕಾಶ ಸಂಸ್ಥೆಯಾದ ನಾಸಾದ ಇಂಜಿನಿಯರುಗಳನ್ನು ಕರೆಯಿತು. ಅವರು ಹತ್ತು ತಿಂಗಳು ದುಡಿದು, ೨ ಲಕ್ಷ ೮೦ ಸಾವಿರ ಸಾಲುಗಳ ಕಂಪ್ಯೂಟರ್ ಬರಹವನ್ನು ಶೋಧಿಸಿದರು. ಅಪಾಯಕರವಾದ ಮಟ್ಟಕ್ಕೆ ಥ್ರಾಟಲನ್ನು ತೆರೆಯಬಲ್ಲ ಎಲೆಕ್ಟ್ರಾನಿಕ್ ದೋಷ ತಮಗೆ ಕಾಣಲಿಲ್ಲವೆಂಬ ಅವರ ವರದಿ ೨೦೧೧ರ ಫೆಬ್ರವರಿಯಲ್ಲಿ ಹೊರಬಿತ್ತು.

ಪ್ರಶ್ನೆ ಇತ್ಯರ್ಥವಾಯಿತೆ? ಆಗಲಿಲ್ಲ. ೨೦೧೩ರ ಅಕ್ಟೋಬರಿನಲ್ಲಿ ಓಕ್ಲಹೋಮ ರಾಜ್ಯದ ನ್ಯಾಯಾಲಯದಲ್ಲಿ ಮೈಕೇಲ್ ಬಾರ್ ಎಂಬ ತಜ್ಞ ಅದೇ ಕಂಪ್ಯೂಟರ್ ಬರಹವನ್ನು ಪರೀಕ್ಷಿಸಿ, ಅದರಲ್ಲಿ ದೋಷಗಳಿವೆಯೆಂದು ಸಾಕ್ಷಿ ಹೇಳಿದ. ೨೦೦೭ರಲ್ಲಿ ಅಪಘಾತಕ್ಕೀಡಾದ ಒಂದು ಟೊಯೋಟ ಕಾರಿನ ಪ್ರಕರಣ ಅದು. ಪಂಚರು ಕಂಪೆನಿಯೇ ಹೊಣೆಯೆಂದು ೩೦ ಲಕ್ಷ ಡಾಲರುಗಳ ಪರಿಹಾರ ವಿಧಿಸಿದರು. ೨೦೧೪ರ ಮಾರ್ಚಿನಲ್ಲಿ, ಮ್ಯಾಟು ಮತ್ತು ಅಂಟುವ ಪೆಡಲುಗಳ ವಿಷಯದಲ್ಲಿ ಗ್ರಾಹಕರನ್ನು ದಾರಿ ತಪ್ಪಿಸಿದ್ದನ್ನು ಒಪ್ಪಿಕೊಂಡು, ಕಂಪೆನಿ ೧೨೦ ಕೋಟಿ ಡಾಲರುಗಳ ದಂಡ ತೆತ್ತಿತು.

ಈಗ ಎರಡು ಬೇರೆ ಬೇರೆ ದೇಶಗಳ ಇಬ್ಬರು ಚಾಲಕರ ಸಂಗತಿ ಕೇಳಿ. ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ೨೦೦೬ರಲ್ಲಿ ಹಳೆಯ ಟೊಯೋಟ ಕಾರೊಂದು ಹೆದ್ದಾರಿಯಿಂದ ಇಳಿಯುವಾಗ ಮುಂದಿನ ಗಾಡಿಗೆ ಬಡಿದು ಸಾವುಗಳಾದವು. ಬ್ರೇಕು ಒತ್ತಿದೆ, ಕಾರು ನಿಲ್ಲಲಿಲ್ಲ ಎಂದು ಚಾಲಕ ಮೊದಲಿನಿಂದ ಕೊನೆಯವರೆಗೆ ಒಂದೇ ಮಾತು ಹೇಳಿದ. ಯಾರೂ ನಂಬಲಿಲ್ಲ, ಎಂಟು ವರ್ಷಗಳ ಸೆರೆಮನೆಯಾಯಿತು. ೨೦೧೦ರಲ್ಲಿ ಟೊಯೋಟದ ಸುದ್ದಿ ಎಲ್ಲೆಡೆ ಹಬ್ಬಿದಾಗ ಆತನ ಮೊಕದ್ದಮೆಯನ್ನು ಮರಳಿ ನೋಡಿದರು, ಆಗಸ್ಟಿನಲ್ಲಿ ಬಿಡುಗಡೆಯಾಯಿತು. ೨೦೧೫ರಲ್ಲಿ ಇನ್ನೊಂದು ನ್ಯಾಯಾಲಯದ ಪಂಚರು ಹೊಣೆಯನ್ನು ಹಂಚಿದರು: ನೂರರಲ್ಲಿ ೬೦ ಪಾಲು ಕಂಪೆನಿಯದು, ೪೦ ಪಾಲು ಚಾಲಕನದು.

ಮತ್ತೊಂದು ಟೋಕಿಯೋ ನಗರದ್ದು. ೨೦೧೯ರ ಏಪ್ರಿಲಿನಲ್ಲಿ ೮೭ ವರ್ಷದ ವೃದ್ಧರೊಬ್ಬರ ಕಾರು ರಸ್ತೆ ದಾಟುತ್ತಿದ್ದ ತಾಯಿಯನ್ನೂ ಪುಟ್ಟ ಮಗಳನ್ನೂ ಕೊಂದಿತು. ಕಾರೇ ಕೆಟ್ಟಿತ್ತೆಂದು ಅವರೂ ವಾದಿಸಿದರು. ಪರೀಕ್ಷೆಯಲ್ಲಿ ಗಾಡಿಯ ದೋಷ ಸಿಕ್ಕಲಿಲ್ಲ. ಪೆಡಲು ತಪ್ಪಿ ಒತ್ತಿದ್ದೇ ಕಾರಣವೆಂದು ೨೦೨೧ರಲ್ಲಿ ನ್ಯಾಯಾಲಯ ಐದು ವರ್ಷಗಳ ಶಿಕ್ಷೆ ವಿಧಿಸಿತು. ಇಬ್ಬರು ಚಾಲಕರು ಹೇಳಿದ್ದು ಒಂದೇ ಮಾತನ್ನು. ಸಿಕ್ಕ ತೀರ್ಪುಗಳು ಬೇರೆ ಬೇರೆ. ಎರಡು ಕಡೆಯೂ ಸತ್ತವರು ಮರಳಿ ಬರಲಿಲ್ಲ.

ತಪ್ಪು ಯಾರದೆಂದು ಹುಡುಕುವುದು ಬೇಡವೆಂದು ನಾನು ಹೇಳುತ್ತಿಲ್ಲ. ಹುಡುಕದಿದ್ದರೆ ೧೯೭೧ರ ಉಕ್ಕಿನ ಹುರಿಯೂ ಬರುತ್ತಿರಲಿಲ್ಲ, ಸೆರೆಯಲ್ಲಿದ್ದವನು ಹೊರಗೂ ಬರುತ್ತಿರಲಿಲ್ಲ. ಆದರೆ ‘ಯಂತ್ರವೋ, ಮನುಷ್ಯನೋ’ ಎಂಬ ಪ್ರಶ್ನೆಗೆ ಎಲ್ಲ ಕಾಲಕ್ಕೂ ಸಲ್ಲುವ ಒಂದೇ ಉತ್ತರವಿಲ್ಲ ಎಂಬುದನ್ನು ಈ ಚರಿತ್ರೆ ಕಲಿಸುತ್ತದೆ. ಯಂತ್ರವೂ ತಪ್ಪಿದೆ, ಮನುಷ್ಯನೂ ತಪ್ಪಿದ್ದಾನೆ. ಜೀವಗಳನ್ನು ಉಳಿಸಿದ ಸುಧಾರಣೆಗಳೆಲ್ಲ, ಇಬ್ಬರೂ ತಪ್ಪಬಹುದೆಂದು ಒಪ್ಪಿಕೊಂಡವರು ಮಾಡಿದವು. ಎರಡನೆಯ ಸ್ಪ್ರಿಂಗು, ಗೇರಿನ ಕೊಂಡಿ ಇವು ಅಂಥವು. ಬ್ರೇಕು, ಎಕ್ಸಿಲರೇಟರು ಎರಡೂ ಒತ್ತಿದ್ದರೆ ಬ್ರೇಕಿನ ಮಾತನ್ನೇ ಕೇಳುವ ಏರ್ಪಾಟೂ ಅಂಥದೇ. ಟೊಯೋಟದ ಗದ್ದಲದ ಬಳಿಕ ಅದು ಹಲವು ಕಂಪೆನಿಗಳ ಕಾರುಗಳಿಗೆ ಬಂತು. ಎದುರಿಗೆ ಅಡ್ಡಿಯಿರುವಾಗ ಪೆಡಲನ್ನು ತಪ್ಪಿ ಬಲವಾಗಿ ಒತ್ತಿದರೆ ಗಾಡಿ ಚಿಮ್ಮದಂತೆ ತಡೆಯುವ ಸಾಧನವನ್ನು, ೨೦೨೮ರ ಸೆಪ್ಟೆಂಬರಿನಿಂದ ಕ್ಲಚ್ಚಿಲ್ಲದ ಹೊಸ ಕಾರುಗಳಿಗೆ ಕಡ್ಡಾಯ ಮಾಡಲು ಜಪಾನ್ ಸರಕಾರ ನಿಶ್ಚಯಿಸಿದೆ.

ಹಾಗೆಂದು ಹಳೆಯ ತಪ್ಪುಗಳು ಮುಗಿದವೆಂದು ತಿಳಿಯಬೇಡಿ. ೨೦೨೪ರ ಏಪ್ರಿಲಿನಲ್ಲಿ ಟೆಸ್ಲ ಕಂಪೆನಿ ತನ್ನ ಸೈಬರ್‌ಟ್ರಕ್ ಎಂಬ ವಿದ್ಯುತ್ ಗಾಡಿಗಳಲ್ಲಿ ೩,೮೭೮ನ್ನು ಹಿಂದಕ್ಕೆ ಕರೆಸಿತು. ಕಾರ್ಖಾನೆಯಲ್ಲಿ ಪೆಡಲಿನ ಮೇಲಣ ಹೊದಿಕೆಯನ್ನು ಸುಲಭವಾಗಿ ಕೂರಿಸಲೆಂದು ಸಾಬೂನು ಬಳಸಿದ್ದರು. ಹೊದಿಕೆ ಜಾರಿ ಮುಂದಕ್ಕೆ ಹೋಗಿ, ಪೆಡಲು ಕೆಳಗಿಳಿದಲ್ಲಿಯೇ ಸಿಕ್ಕಿಕೊಳ್ಳುವ ಅಪಾಯವಿತ್ತು. ಗಾಡಿ ಎಷ್ಟು ಹೊಸದಾದರೇನು, ಸಾಬೂನು ಜಾರುವ ವಸ್ತುವೇ ಅಲ್ಲವೆ!

ನಮ್ಮ ಊರುಗಳಲ್ಲಿ ಇಂದಿಗೂ ಕ್ಲಚ್ಚಿರುವ ಗಾಡಿಗಳು ಬಹಳ. ಆದರೆ ಪಟ್ಟಣಗಳ ವಾಹನದಟ್ಟಣೆಗೆ ಬೇಸತ್ತು ಕ್ಲಚ್ಚಿಲ್ಲದ ಕಾರನ್ನು ಕೊಳ್ಳುವವರು ವರ್ಷ ವರ್ಷಕ್ಕೆ ಹೆಚ್ಚುತ್ತಿದ್ದಾರೆ. ವಿದ್ಯುತ್ ಕಾರುಗಳಿಗಂತೂ ಕ್ಲಚ್ಚೇ ಇಲ್ಲ. ಆದಕಾರಣ ಮುಂದಿನ ನಾಲ್ಕು ಮಾತುಗಳನ್ನು ಮನಸ್ಸಿನಲ್ಲಿಡಿ.

ಓಡುವ ಗಾಡಿಯಲ್ಲಿ ಎಕ್ಸಿಲರೇಟರು ಸಿಕ್ಕಿಕೊಂಡರೆ ಮೊದಲು ಬ್ರೇಕನ್ನು ಬಲವಾಗಿ ಒತ್ತಿ, ಒತ್ತಿದ ಕಾಲನ್ನು ತೆಗೆಯಬೇಡಿ. ಬಿಟ್ಟು ಬಿಟ್ಟು ಒತ್ತುವುದು ಅಪಾಯ. ಪೆಟ್ರೋಲ್ ಕಾರಿನಲ್ಲಿ ಬ್ರೇಕಿಗೆ ನೆರವಾಗುವ ನಿರ್ವಾತವನ್ನು ಸಾಮಾನ್ಯವಾಗಿ ಇಂಜಿನ್ನೇ ಒದಗಿಸುತ್ತದೆ. ಥ್ರಾಟಲು ಪೂರ್ತಿ ತೆರೆದಿರುವಾಗ ಅದು ಹೊಸದಾಗಿ ಹುಟ್ಟುವುದಿಲ್ಲ. ಕೂಡಿಟ್ಟದ್ದು ಒಂದೆರಡು ಒತ್ತುಗಳಿಗೆ ಮುಗಿಯುತ್ತದೆ. ಆಮೇಲೆ ಪೆಡಲು ಕಲ್ಲಿನಂತೆ ಗಟ್ಟಿಯಾಗುತ್ತದೆ. ಒಂದೇ ಸಮನೆ ಒತ್ತಿದರೆ ಬ್ರೇಕು ಸಾಮಾನ್ಯವಾಗಿ ಸೋಲುವುದಿಲ್ಲ. ೨೦೦೯ರಲ್ಲಿ ಅಮೆರಿಕದ ‘ಕಾರ್ ಅಂಡ್ ಡ್ರೈವರ್’ ಪತ್ರಿಕೆಯವರು ಗಂಟೆಗೆ ೭೦ ಮೈಲಿ ವೇಗದ ಕ್ಯಾಮ್ರಿ ಕಾರನ್ನು ಥ್ರಾಟಲು ಪೂರ್ತಿ ತೆರೆದಿರುವಾಗಲೇ ನಿಲ್ಲಿಸಿ ನೋಡಿದರು. ೧೯೦ ಅಡಿಗಳಲ್ಲಿ ನಿಂತಿತು. ಸಾಮಾನ್ಯವಾಗಿ ಬೇಕಾಗುತ್ತಿದ್ದುದು ೧೭೪ ಅಡಿ. ಒಂದು ವೇಳೆ ಒತ್ತಿದಷ್ಟೂ ಗಾಡಿ ಚಿಮ್ಮುತ್ತಿದ್ದರೆ ಕಾಲು ಬೇರೆ ಪೆಡಲಿನ ಮೇಲಿದೆಯೆಂದು ತಿಳಿದು, ಪೂರ್ತಿಯಾಗಿ ಎತ್ತಿ ಮತ್ತೆ ಇಡಿ.

ಎರಡನೆಯದಾಗಿ, ಗೇರನ್ನು ನ್ಯೂಟ್ರಲಿಗೆ ತಳ್ಳಿ. ಕ್ಲಚ್ಚಿದ್ದರೆ ಅದನ್ನು ಒತ್ತಿ. ಇಂಜಿನ್ನು ಭಯಂಕರವಾಗಿ ಅಬ್ಬರಿಸುತ್ತದೆ, ಅಬ್ಬರಿಸಲಿ. ಇಂಜಿನ್ನು ಹಾಳಾದರೆ ಹಣದಿಂದ ಸರಿಮಾಡಬಹುದು. ಮೂರನೆಯದಾಗಿ, ಗಾಡಿಯನ್ನು ಬದಿಗೆ ತಂದು ನಿಲ್ಲಿಸಿದ ಮೇಲೆ ಇಂಜಿನ್ನನ್ನು ಆರಿಸಿ. ಓಡುತ್ತಿರುವಾಗ ಕೀಲಿಯನ್ನು ಕಿತ್ತರೆ ಸ್ಟಿಯರಿಂಗು ಬಿಗಿದುಕೊಳ್ಳಬಹುದು. ಗುಂಡಿಯಿರುವ ಕಾರಾದರೆ, ಓಟದಲ್ಲಿ ಅದನ್ನು ಎಷ್ಟು ಹೊತ್ತು ಒತ್ತಿಹಿಡಿಯಬೇಕೆಂಬುದನ್ನು ಕೈಪಿಡಿಯಲ್ಲಿ ಇಂದೇ ಓದಿಕೊಳ್ಳಿ. ಪೆಡಲನ್ನು ಕೈಯಿಂದ ಬಿಡಿಸಲೆಂದು ಓಟದ ನಡುವೆ ಬಗ್ಗುವ ಸಾಹಸ ಮಾತ್ರ ಬೇಡ.

ನಾಲ್ಕನೆಯದು ಮನೆಯಲ್ಲಿಯೇ ಮಾಡುವ ಕೆಲಸ. ಕಾರಿನ ಮ್ಯಾಟಿನ ಮೇಲೆ, ಅಂದವೆಂದೋ ಕೆಸರಿಗೆಂದೋ, ಇನ್ನೊಂದು ಮ್ಯಾಟು ಹಾಸುವ ರೂಢಿ ನಮ್ಮಲ್ಲಿದೆ. ನೀರಿನ ಬಾಟಲಿಯನ್ನು ಚಾಲಕನ ಆಸನದ ಬಳಿ ಬಿಡುವುದೂ ಉಂಟು. ಬ್ರೇಕು ಹಾಕಿದಾಗ ಅದು ಉರುಳಿ ಬರುವುದು ಪೆಡಲಿನ ಕೆಳಕ್ಕೇ. ಇವನ್ನು ತೆಗೆದಿಡಿ. ಬಯಲು ಜಾಗದಲ್ಲಿ ಒಂದು ದಿನ ನಿಧಾನವಾಗಿ ಗಾಡಿ ನಡೆಸುತ್ತ, ನೋಡದೆಯೇ ಗೇರನ್ನು ನ್ಯೂಟ್ರಲಿಗೆ ತಳ್ಳುವ ಅಭ್ಯಾಸ ಮಾಡಿಕೊಳ್ಳಿ. ಮನೆಯಲ್ಲಿ ಕಾರು ನಡೆಸುವವರೆಲ್ಲರಿಗೂ ಹೇಳಿಕೊಡಿ.

ಕ್ಯಾಲಿಫೋರ್ನಿಯದ ಆ ಕಾರು ಕೆಲವೇ ದಿನಗಳ ಅಂತರದಲ್ಲಿ ಇಬ್ಬರ ಕೈಗೆ ಹೋಗಿತ್ತು. ಮ್ಯಾಟೂ ಅದೇ, ಪೆಡಲೂ ಅದೇ. ಒಬ್ಬನಿಗೆ ಬ್ರೇಕೂ ನ್ಯೂಟ್ರಲೂ ಒದಗಿಬಂದವು. ಹೆದ್ದಾರಿಯಲ್ಲೇ ದುಡಿದ ಇನ್ನೊಬ್ಬರಿಗೆ ಒದಗಲಿಲ್ಲ. ಅವರ ಕಾರಿನ ಬ್ರೇಕುಗಳು ಸುಟ್ಟುಹೋಗಿದ್ದವು. ಅವರು ಕೈಲಾದ ಪ್ರಯತ್ನ ಮಾಡಿರಲಿಲ್ಲವೆನ್ನುವಂತಿಲ್ಲ. ಆ ಗಾಬರಿಯಲ್ಲಿ ಹೊಸದೊಂದು ಉಪಾಯವನ್ನು ಹೊಳೆಯಿಸಿಕೊಳ್ಳುವುದು ಯಾರಿಗೂ ಸುಲಭವಲ್ಲ. ಕೈಗೆ ಮೊದಲೇ ಅಭ್ಯಾಸವಾಗಿದ್ದರೆ ಮಾತ್ರ ಅದು ಹೊತ್ತಿಗೆ ಒದಗೀತು.